ಹದಿನಾರು ಗಂಟೆಯ ಸರಾಸರಿ

ಜೂನ್ ೯, ಸೋಮವಾರ

…ವಾರಕ್ಕೆ ಹದಿನಾರು ಗಂಟೆ ಎಂದಳೋ, ಹದಿನಾರರ ಸರಾಸರಿ ಎಂದಳೋ. ಫೋನಿನಲ್ಲಿ ಮೋಕ್ಷಿತಾ ಹೇಳುತ್ತಿದ್ದಾಗ ಅಕ್ಕನನ್ನು ನೋಡಿಕೊಳ್ಳುವ ಅಮ್ಮಣ್ಣಿ ಬಚ್ಚಲಲ್ಲಿ ಬಕೆಟ್ ಎಳೆದಳು, ಆ ಸದ್ದಿನಲ್ಲಿ ಒಂದು ಪದ ಹೋಯಿತು. ಎರಡಕ್ಕೂ ವ್ಯತ್ಯಾಸವಿದೆ. ಪ್ರತಿ ವಾರವೂ ಸರಿಯಾಗಿರಬೇಕು ಎನ್ನುವುದು ಒಂದು, ಒಟ್ಟಾರೆ ಸರಿಯಾಗಿದ್ದರೆ ಸಾಕು ಎನ್ನುವುದು ಇನ್ನೊಂದು. ನಾನು ಐವತ್ತೊಂದು ವರ್ಷ ಬದುಕಿರುವುದು ಎರಡನೆಯದರ ಆಧಾರದ ಮೇಲೆ.

ಆಮೇಲೆ ನಿಯಮ ತೆಗೆದು ಓದಿದೆ. ಸರಾಸರಿಯೇ.

ಇಂಗ್ಲೆಂಡಿಗೆ ಓದಲು ಹೋಗುವವರಿಂದ ಅಲ್ಲಿನ ಸರಕಾರ ವೀಸಾದ ಜೊತೆಗೇ ಆರೋಗ್ಯ ಶುಲ್ಕ ಎಂದು ಕೀಳುತ್ತದೆ. ಕಾಯಿಲೆ ಬೀಳುವ ಮೊದಲೇ ಕಟ್ಟಬೇಕಾದ ದಂಡ. ಅಕ್ಕ ಜಲಜಳ ಮಗಳು ಮೋಕ್ಷಿತಾ ಕಳೆದ ಸೆಪ್ಟೆಂಬರಿನಲ್ಲಿ ಹೋಗುವಾಗ ಒಂದೂಕಾಲು ಲಕ್ಷದ ಮೇಲೆ ಕಟ್ಟಿದೆವು. ನನ್ನ ಭವಿಷ್ಯನಿಧಿ ಅಲ್ಲಿಗೆ ಮುಗಿಯಿತು. ಆದರೆ ಓದುತ್ತಲೇ ಅಲ್ಲಿನ ಮುದುಕರ ಆರೈಕೆಯ ಕೆಲಸ ಮಾಡುವವರಿಗೆ ಒಂದು ರಿಯಾಯಿತಿ ಇದೆ. ಆರು ತಿಂಗಳು, ವಾರಕ್ಕೆ ಸರಾಸರಿ ಹದಿನಾರು ಗಂಟೆ ಕೆಲಸ ಮಾಡಿದ್ದಕ್ಕೆ ಪುರಾವೆ ಕೊಟ್ಟರೆ ಆ ಆರು ತಿಂಗಳ ಪಾಲು ವಾಪಸು. ನಮ್ಮ ಲೆಕ್ಕದಲ್ಲಿ ನಲವತ್ತೈದು ಸಾವಿರ. ಓದುವವರು ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ ಇಪ್ಪತ್ತು ಗಂಟೆಗಿಂತ ಹೆಚ್ಚು ದುಡಿಯಬಾರದು ಎಂಬುದು ಇನ್ನೊಂದು ನಿಯಮ. ಅದು ವೀಸಾದವರದ್ದು, ಶುಲ್ಕ ವಾಪಸು ಕೊಡುವವರದ್ದಲ್ಲ.

ಅರ್ಜಿ ತುಂಬುವುದು ನಾನು. ನಮ್ಮಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವರು, ಕಾಗದಪತ್ರಕ್ಕೆ ಸೋದರಮಾವ. ಮೋಕ್ಷಿತಾಳ ಅಪ್ಪ, ಭಾವ ಬಚ್ಚ ಬದುಕಿದ್ದಾಗಲೂ ಹೀಗೆಯೇ ಇತ್ತು. ಮೇಲಾಗಿ ಕೇರಿಯ ಮೀನುಗಾರರ ಸಂಘದಲ್ಲಿ ಇಪ್ಪತ್ತಾರು ವರ್ಷದಿಂದ ನಾನು ಗುಮಾಸ್ತ. ಅರ್ಜಿಗಳು ಯಾವ ಕಾರಣಕ್ಕೆ ತಿರಸ್ಕಾರವಾಗುತ್ತವೆ ಎಂದು ಬೈಂದೂರಿನ ಆಚೀಚೆ ನನಗಿಂತ ಚೆನ್ನಾಗಿ ಬಲ್ಲವರಿಲ್ಲ, ಏಕೆಂದರೆ ತಿರಸ್ಕರಿಸುವವನು ನಾನೇ.

ಹಣ ಎಲ್ಲಿಗೆ ಹೋಗಬೇಕೆಂದು ಆಗಲೇ ತೀರ್ಮಾನವಾಗಿದೆ. ಮೇ ಕೊನೆಗೆ ಅಕ್ಕ ಬೈಂದೂರಿನ ಮೀನು ಮಾರ್ಕೆಟ್ಟಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಕುಂದಾಪುರದಲ್ಲಿ ಆಪರೇಶನ್ ಆಯಿತು. ಮೂರು ತಿಂಗಳು ಕಾಲೂರಬಾರದು. ಶಂಕರನಾರಾಯಣದ ಕಡೆಯ ಅಮ್ಮಣ್ಣಿ ಹೋಮ್ ನರ್ಸ್ ಎಂದು ಬಂದಿದ್ದಾಳೆ. ತಿಂಗಳಿಗೆ ಇಪ್ಪತ್ತೆರಡು ಸಾವಿರ, ಏಜೆನ್ಸಿಗೆ ಮುಂಗಡ. ನನ್ನ ಸಂಬಳ ಹತ್ತೊಂಬತ್ತು. ಜುಲೈ ಕೊನೆಯವರೆಗೆ ಹೇಗೋ ಹೊಂದಿಸಿದ್ದೇನೆ. ಆಗಸ್ಟಿನಿಂದ ಇಂಗ್ಲೆಂಡ್ ಕೊಡಬೇಕು.

ಮೋಕ್ಷಿತಾ ಅಲ್ಲಿ ಯಾರದೋ ಅಮ್ಮನನ್ನು ಮೀಯಿಸುತ್ತಾಳೆ. ಅದರಿಂದ ಬರುವ ಹಣದಲ್ಲಿ ಅಮ್ಮಣ್ಣಿ ಇಲ್ಲಿ ಮೋಕ್ಷಿತಾಳ ಅಮ್ಮನನ್ನು ಮೀಯಿಸಬೇಕು. ಅಮ್ಮಣ್ಣಿಯ ಅಮ್ಮನನ್ನು ಊರಲ್ಲಿ ಅತ್ತಿಗೆ ನೋಡಿಕೊಳ್ಳುತ್ತಾಳಂತೆ, ಬೈದುಕೊಂಡು. ಸರಪಣಿ ಅಲ್ಲಿಗೆ ನಿಲ್ಲುತ್ತದೆ.

ನಾನು ದಿನಕ್ಕೆರಡು ಸಲ ಅಕ್ಕನ ಕೋಣೆಯ ಬಾಗಿಲಲ್ಲಿ ನಿಂತು ಹೇಗಿದ್ದೀ ಎಂದು ಕೇಳುತ್ತೇನೆ. ಒಳಗೆ ಹೋಗುವ ಪ್ರಮೇಯ ಬಂದಿಲ್ಲ.

ಜೂನ್ ೧೧, ಬುಧವಾರ

ಸಂಬಳದ ಚೀಟಿಗಳು ಬಂದವು. ಇಪ್ಪತ್ತಾರು ವಾರ, ವಾರಕ್ಕೆ ಎರಡು ಪಾಳಿ, ಪಾಳಿಗೆ ಎಂಟು ಗಂಟೆ. ನಾನೂರ ಹದಿನಾರು ಇರಬೇಕು. ಮೂರು ಸಲ ಕೂಡಿಸಿದೆ. ಮುನ್ನೂರ ತೊಂಬತ್ತೆರಡೇ. ಇಪ್ಪತ್ತನಾಲ್ಕು ಗಂಟೆ ಖೋತಾ, ಎಂದರೆ ಮೂರು ಪಾಳಿ.

ಸಂಜೆ ಫೋನು ಮಾಡಿದೆ. ಮೊದಲು ಸುಮ್ಮನಿದ್ದಳು. ಆಮೇಲೆ ಬ್ರಹ್ಮಾವರದ ಚೇತನಾಳ ಹೆಸರು ಬಂತು. ಇಬ್ಬರೂ ಒಂದೇ ತರಗತಿ, ಒಂದೇ ಬಾಡಿಗೆ ಕೋಣೆ, ಒಂದೇ ವೃದ್ಧಾಶ್ರಮ. ಫೆಬ್ರವರಿಯಲ್ಲಿ ಚೇತನಾಳಿಗೆ ಸೊಂಟ ಹಿಡಿದು ಮೂರು ವಾರ ಏಳಲಾಗಲಿಲ್ಲ. ವಾರಕ್ಕೊಂದರಂತೆ ಅವಳ ಮೂರು ಪಾಳಿಗೆ ಮೋಕ್ಷಿತಾ ಹೋದಳು, ಚೇತನಾಳ ಹೆಸರಲ್ಲಿ. ಮೇಲ್ವಿಚಾರಕಿಯ ಪಟ್ಟಿಯಲ್ಲಿ ಒಂದು ಹೆಸರಿತ್ತು, ಎದುರಿಗೆ ಕರಿಕೂದಲಿನ ಒಂದು ಹುಡುಗಿ ಇದ್ದಳು. ಅಷ್ಟು ಸಾಕಾಯಿತು, ಗೀಟು ಹಾಕಿದರು. ಸಂಬಳ ಚೇತನಾಳ ಖಾತೆಗೆ. ತಪ್ಪಿದ ಉಳಿದ ಪಾಳಿಗಳನ್ನು ಅವಳು ಆಮೇಲೆ ತರಗತಿ ಇಲ್ಲದ ದಿನಗಳಲ್ಲಿ ತುಂಬಿಕೊಂಡಳು. ಏಪ್ರಿಲ್ ಕೊನೆಗೆ ಪರೀಕ್ಷೆ ಬಂದಾಗ ಮೋಕ್ಷಿತಾ ತನ್ನ ಮೂರು ಪಾಳಿ ಬಿಟ್ಟು ಓದಲು ಕೂತಳು, ಚೇತನಾ ಇವಳ ಹೆಸರಲ್ಲಿ ಹೋಗಿ ಮುಯ್ಯಿ ತೀರಿಸುತ್ತಾಳೆ ಎಂದು. ಚೇತನಾ ಅಷ್ಟರಲ್ಲಿ ಬೇರೆ ಊರಲ್ಲಿ ಹೆಚ್ಚಿನ ಸಂಬಳದ ಕೆಲಸ ಹಿಡಿದು ಹೊರಟಾಗಿತ್ತು. ಮೋಕ್ಷಿತಾಳ ಹೆಸರಿನ ಮುಂದೆ ಮೂರು ಗೈರು.

ಅವಳ ಹತ್ತಿರ ಮಾತಾಡಿ ಒಪ್ಪಿಸಿಕೊಂಡಿದ್ದೆಯಾ ಎಂದೆ.

"ಅದನ್ನ ಯಾರ್ ಮಾತಾಡ್ತ್ರ್ ಮಾವ?" ಎಂದಳು. "ಬುಟ್ಟಿ ಯಾರದ್ದೋ ದುಡ್ಡ್ ಅವ್ರದ್ದ್. ಅಮ್ಮ ಮಾಡೂದಲ್ದಾ?"

ಅಕ್ಕನೂ ಮಾರ್ಕೆಟ್ಟಿನ ಇತರ ಹೆಂಗಸರೂ ಮಾಡುವುದು ಹಾಗೆಯೇ. ಒಬ್ಬಳು ಮಲಗಿದರೆ ಇನ್ನೊಬ್ಬಳು ಅವಳ ಬುಟ್ಟಿಯ ಮೀನನ್ನೂ ಮಾರುತ್ತಾಳೆ. ಹಣ ಬುಟ್ಟಿಯವಳಿಗೆ, ಒಂದು ರೂಪಾಯಿ ಮುಟ್ಟುವುದಿಲ್ಲ. ಬದಲಿಗೆ ಒಂದು ದಿನ ಅವಳು ಇವಳದ್ದು ಮಾರಬೇಕು. ಯಾವಾಗ ಎಂದು ಕೇಳುವ ಕ್ರಮವಿಲ್ಲ. ಆದರೆ ಯಾರೂ ಮರೆತದ್ದೂ ಇಲ್ಲ. ಮೋಕ್ಷಿತಾ ಶಾಲೆ ಬಿಟ್ಟು ಬಂದು ಅಕ್ಕನ ಪಕ್ಕ ಕೂತು ಕಲಿತದ್ದು ಇದು. ಸ್ನಾತಕೋತ್ತರ ಪದವಿ ಇದರ ಮೇಲೆ.

ಜೂನ್ ೧೪, ಶನಿವಾರ

ಅರ್ಜಿ ಹಾಕಿದೆ. ಅವಳ ಪಾಸ್‌ವರ್ಡು ನನ್ನ ಹತ್ತಿರವೇ ಇದೆ. ಅರ್ಜಿ ಎಂದರೆ ಇದು. ಒಂದು ಪುಟದಲ್ಲಿ ಒಂದೇ ಪ್ರಶ್ನೆ, ಉತ್ತರ ಕೊಟ್ಟರೆ ಮುಂದಿನದು. ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ ಎಂದು ಗದರುವುದಿಲ್ಲ. ಎಲ್ಲಿಯೂ ಗೆಜೆಟೆಡ್ ಅಧಿಕಾರಿಯ ಸಹಿ ಬೇಡ. ಒಂದು ಸುಸಂಸ್ಕೃತ ಮನಸ್ಸು ಎದುರಿಗೆ ಕೂತು ಮೆಲ್ಲಗೆ ವಿಚಾರಿಸಿದ ಹಾಗಿತ್ತು. ಖೋತಾ ಇಪ್ಪತ್ತನಾಲ್ಕು ಗಂಟೆಯ ಬಗ್ಗೆ ಏನೂ ಬರೆಯಲಿಲ್ಲ. ಕೇಳಿದರೆ ಹೇಳಿದರಾಯಿತು.

ಸಂಘಕ್ಕೆ ಸದಸ್ಯ ಕೊರಗ ಬಂದಿದ್ದ. ಮೀನುಗಾರಿಕೆ ನಿಷೇಧದ ಎರಡು ತಿಂಗಳಿಗೆ ಸಿಗುವ ಪರಿಹಾರದ ಅರ್ಜಿ. ಅದಕ್ಕೆಂದು ಕಟ್ಟುವ ಕಂತುಗಳಲ್ಲಿ ಮಾರ್ಚಿನ ರಸೀದಿ ಇಲ್ಲ, ದೋಣಿಯಲ್ಲಿ ಒದ್ದೆಯಾಗಿ ಹೋಯಿತಂತೆ. ಅರ್ಜಿಯ ಮೇಲೆ ಕೆಂಪು ಶಾಯಿಯಲ್ಲಿ "ಕ್ರಮದಲ್ಲಿಲ್ಲ" ಎಂದು ಬರೆದು ಹಿಂದಕ್ಕೆ ಕೊಟ್ಟೆ. ಆ ರಸೀದಿಯ ಪ್ರತಿ ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇದೆ ಎಂದು ಅವನಿಗೆ ಗೊತ್ತು. ನನಗೂ ಗೊತ್ತು. ಆದರೆ ಅರ್ಜಿದಾರ ಕೊಡಬೇಕಾದ್ದನ್ನು ಅರ್ಜಿದಾರನೇ ಕೊಡಬೇಕು.

ಜೂನ್ ೨೭, ಶುಕ್ರವಾರ

ಏನೂ ಇಲ್ಲ. ಅಮ್ಮಣ್ಣಿ ಸಕ್ಕರೆ ಸಾಲುವುದಿಲ್ಲ ಎಂದಳು.

ಜುಲೈ ೪, ಶುಕ್ರವಾರ

ಇಂಗ್ಲೆಂಡಿನಿಂದ ಮೇಲ್. ಕಳುಹಿಸಿದ ಚೀಟಿಗಳ ಪ್ರಕಾರ ಸರಾಸರಿ ಹದಿನೈದು ಗಂಟೆ ಚಿಲ್ಲರೆ ಆಗುತ್ತದೆ, ಬೇರೆ ಗಂಟೆ ಕೆಲಸ ಮಾಡಿದ್ದರೆ ಹದಿನಾಲ್ಕು ದಿನದೊಳಗೆ ಪುರಾವೆ ಕೊಡಿ ಎಂದು ಕೇಳಿದ್ದಾರೆ. ನಿರಾಕರಿಸಿಲ್ಲ. ಕೇಳಿದ್ದಾರೆ. ಕೆಳಗೆ ಹೆಸರಿಲ್ಲ, ವಿಭಾಗದ ಹೆಸರು ಮಾತ್ರ. ಇಪ್ಪತ್ತಾರು ವರ್ಷದಲ್ಲಿ ನಾನು ಯಾರನ್ನೂ ಹೀಗೆ ಕೇಳಿಲ್ಲ ಎಂಬುದು ಓದುವಾಗ ಹೊಳೆಯಿತು. ಹೊಳೆದದ್ದನ್ನು ಬರೆದಿಟ್ಟಿದ್ದೇನೆ, ಅಷ್ಟೆ.

ಜುಲೈ ೬, ಭಾನುವಾರ

ಬೆಳಗಿನಿಂದ ಉತ್ತರ ಬರೆದೆ. ನಾಲ್ಕು ಪುಟ ಆಯಿತು.

ಮೊದಲ ಪುಟದಲ್ಲಿ ಕರಾವಳಿಯ ಮೀನು ಮಾರುವ ಹೆಂಗಸರ ಮುಯ್ಯಿಯ ಪದ್ಧತಿ. ಎರಡನೆಯದರಲ್ಲಿ ಅದರ ನೈತಿಕ ತಳಹದಿ. ಮೂರನೆಯದರಲ್ಲಿ ಫೆಬ್ರವರಿಯ ಆ ಮೂರು ಪಾಳಿಗಳು, ದಿನಾಂಕ ಸಹಿತ, ಯಾವ ಕೋಣೆಯ ಯಾರನ್ನು ಮೀಯಿಸಿದಳು ಎಂಬ ವಿವರದೊಂದಿಗೆ. ಕೊನೆಯ ಪುಟದಲ್ಲಿ ದುಡಿದವರಿಗೂ ಹೆಸರಿಗೂ ನಡುವೆ ಇರುವ ದೂರದ ಬಗ್ಗೆ ನನ್ನ ಕೆಲವು ವಿಚಾರಗಳು. ಓದಿ ನೋಡಿದೆ. ಸಂಘದ ವಾರ್ಷಿಕ ವರದಿಗಳಿಗೆ ವ್ಯರ್ಥ ಮಾಡಿದ ಗದ್ಯ ಇದು ಎನ್ನಿಸಿತು. ಆ ಹೆಸರಿಲ್ಲದ ಮನುಷ್ಯ ಇದನ್ನು ಓದಿ ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಬಹುದು.

ನಾಳೆ ಸಂಘದ ಇಂಟರ್ನೆಟ್ಟಿನಿಂದ ಕಳಿಸುತ್ತೇನೆ.

ಜುಲೈ ೭, ಸೋಮವಾರ

ಕಳಿಸಲಿಲ್ಲ.

ಹೊರಡುವ ಮುಂಚೆ ಅಕ್ಕನಿಗೆ ಓದಿ ಹೇಳೋಣ ಎನ್ನಿಸಿತು, ಅವಳದೇ ಪದ್ಧತಿಯಲ್ಲವೇ. ಬಾಗಿಲಲ್ಲಿ ನಿಂತು ಶುರು ಮಾಡಿದೆ, ಕನ್ನಡಕ್ಕೆ ತಿರುಗಿಸಿಕೊಳ್ಳುತ್ತ. ಕೇಳುವುದಿಲ್ಲ, ಒಳಗೆ ಬಾ ಎಂದಳು. ಅಮ್ಮಣ್ಣಿಯ ಸ್ಟೂಲಿನ ಮೇಲೆ ಕೂತೆ. ಔಷಧಿಯದ್ದೂ ಡೆಟಾಲಿನದ್ದೂ ವಾಸನೆ. ಮೀನಿನ ವಾಸನೆ ಇಲ್ಲದ ಅಕ್ಕನನ್ನು ಮೊದಲ ಸಲ ಕಂಡೆ.

ಎರಡನೆಯ ಪುಟಕ್ಕೆ ಅವಳು ಕಣ್ಣು ಮುಚ್ಚಿದ್ದಳು. ನಿದ್ದೆ ಬಂತೆಂದುಕೊಂಡೆ. ಮೂರನೆಯದಕ್ಕೆ ಬಂದಾಗ ಕೈ ಎತ್ತಿದಳು.

"ನಿಲ್ಲ್. ವಾರಕ್ಕೆ ಅವ್ಳ ಪಾಳಿ ಎಷ್ಟ್?"

"ಎರಡು."

"ಎಂಟೆರಡ್ಲ ಹದ್ನಾರ್. ಆ ಹೆಣ್ಣಿಂದ್ ಒಂದ್ ಸೇರ್ಸ್. ಎಷ್ಟಾಯ್ತ್?"

"ಇಪ್ಪತ್ತನಾಲ್ಕು."

"ಓದೂ ಮಕ್ಕಳ್ ಇಪ್ಪತ್ತ್ ದಾಟುಕಾಗ ಅಂದ್ಹೇಳಿ ಅವ್ಳ್ ಹೋಪತಿಗೆ ನೀನೇ ಅಲ್ದಾ ಹೇಳದ್ದ್?"

ಅಮ್ಮಣ್ಣಿ ಬಟ್ಟೆ ಮಡಚುವುದನ್ನು ನಿಲ್ಲಿಸಿದಳು.

"ನೀನ್ ಬರ್ದದ್ದ್ ಲಾಯ್ಕಿತ್ತ್ ಸುಧೀರಾ," ಎಂದಳು ಅಕ್ಕ. "ಅದನ್ನ ಕಳ್ಸಿರೆ ಹೆಣ್ಣ್ ಸೀದಾ ಮನಿಗ್ ಬತ್ತ್."

ಹದಿನಾರಕ್ಕಿಂತ ಕಡಿಮೆ ದುಡಿದಿದ್ದರೆ ಶುಲ್ಕ ವಾಪಸು ಇಲ್ಲ. ಇಪ್ಪತ್ತಕ್ಕಿಂತ ಹೆಚ್ಚು ದುಡಿದಿದ್ದರೆ ವೀಸಾ ಇಲ್ಲ. ಕಾಗದದ ಪ್ರಕಾರ ಮೋಕ್ಷಿತಾ ಸಾಲದಷ್ಟು ದುಡಿದಿದ್ದಾಳೆ, ನಿಜದಲ್ಲಿ ಸಲ್ಲದಷ್ಟು. ಎರಡೂ ನಿಯಮ ನನಗೆ ಬಾಯಿಪಾಠ. ಒಂದೇ ಹುಡುಗಿಗೆ ಎರಡೂ ಅನ್ವಯಿಸುತ್ತವೆ ಎಂದು ಹೊಳೆಯಲು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಮೀನು ಮಾರಿದವಳು ಬೇಕಾಯಿತು.

ನಾಲ್ಕು ಪುಟವನ್ನೂ ಬಚ್ಚಲ ಒಲೆಗೆ ಹಾಕಿದೆ. ಅಮ್ಮಣ್ಣಿ ಆ ಬೆಂಕಿಯಲ್ಲಿ ಅಕ್ಕನಿಗೆ ನೀರು ಕಾಯಿಸಿದಳು. ಗದ್ಯಕ್ಕೆ ಇಷ್ಟು ಉಪಯೋಗ ಬಂದದ್ದು ಮೊದಲ ಸಲ.

ಜುಲೈ ೯, ಬುಧವಾರ

ಮೋಕ್ಷಿತಾಳದೇ ಫೋನು. ನಮಸ್ಕಾರ, ಊಟ ಏನೂ ಇಲ್ಲ.

"ಮಾವ, ಎಂತಾರೂ ಬರ್ದ್ ಕಳ್ಸಿದ್ರಿಯಾ?"

ಇಲ್ಲ ಎಂದೆ. ಅವಳು ಉಸಿರು ಬಿಟ್ಟದ್ದು ಕೇಳಿಸಿತು. ಇಪ್ಪತ್ತರ ವಿಷಯ ಅವಳಿಗೆ ಮೊದಲೇ ಗೊತ್ತಿತ್ತು. ಜೂನಿನಲ್ಲಿ ಚೀಟಿಗಳ ಬಗ್ಗೆ ಕೇಳಿದಾಗ ಸುಮ್ಮನಿದ್ದದ್ದು ಅದಕ್ಕೆ. ಮತ್ತೆ ಅರ್ಜಿ ಹಾಕಲು ಬಿಟ್ಟದ್ದೇಕೆ ಎಂದು ಕೇಳಿದೆ. ನೀವು ಉತ್ಸಾಹದಲ್ಲಿ ಇದ್ದಿರಿ ಎಂದಳು.

ನನ್ನ ಬಗ್ಗೆ ಯಾರೂ ಈವರೆಗೆ ಆ ಪದ ಬಳಸಿರಲಿಲ್ಲ.

ಉಳಿದದ್ದು ಒಂದೇ ದಾರಿ. ಚೇತನಾ ಮೂರು ಪಾಳಿಯ ಸಂಬಳ ಹಿಂದಕ್ಕೆ ಕೊಡಬೇಕು. ಶುಲ್ಕದಷ್ಟು ಆಗುವುದಿಲ್ಲ, ಆದರೂ ಅಮ್ಮಣ್ಣಿಗೆ ಆಗಸ್ಟಿನ ಒಂದು ತಿಂಗಳು ಹೆಚ್ಚುಕಡಿಮೆ ಆಗುತ್ತದೆ. ಕೇಳು ಎಂದರೆ ಮೋಕ್ಷಿತಾ ಒಪ್ಪಲಿಲ್ಲ. ಮುಯ್ಯಿಯನ್ನು ದುಡ್ಡಲ್ಲಿ ಕೇಳಿದರೆ ಅದು ಮುಯ್ಯಿ ಅಲ್ಲವಂತೆ. ನಾನು ಕೇಳುತ್ತೇನೆ ಎಂದೆ.

ಜುಲೈ ೧೩, ಭಾನುವಾರ

ಬ್ರಹ್ಮಾವರಕ್ಕೆ ಹೋಗಿ ಬಂದೆ. ಕುಂದಾಪುರದಲ್ಲಿ ಬಸ್ಸು ಬದಲಿಸಿ, ಒಟ್ಟು ಎರಡು ಗಂಟೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿದೆ. ತೆಕ್ಕಟ್ಟೆ ದಾಟುವಾಗ ಅದು ಬಹಳ ಚೆನ್ನಾಗಿತ್ತು.

ಚೇತನಾಳ ಅಪ್ಪ ರವಿಚಂದ್ರ ಎಲೆಕ್ಟ್ರಿಕಲ್ ಸಾಮಾನಿನ ವ್ಯಾಪಾರಿ. ಕೆಳಗೆ ಅಂಗಡಿ, ಮೇಲೆ ಮನೆ. ಮಗ ಅಕ್ಷಯನ ಹೆಸರು ಬೋರ್ಡಿನಲ್ಲಿದೆ, ಮಗಳ ಫೋಟೋ ಗಲ್ಲಾದ ಹಿಂದೆ, ಹಿಮದಲ್ಲಿ ನಿಂತದ್ದು. ಕೂರಿಸಿದರು, ಬನ್ಸ್ ತರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಚೇತನಾಳ ಆರೋಗ್ಯ ಶುಲ್ಕ ವಾಪಸು ಬಂದ ಸಂಗತಿ ಹೇಳಿದರು.

"ಪ್ರಾಮಾಣಿಕವಾಗಿ ದುಡಿದ್ರೆ ಆ ಸರಕಾರ ಒಂದು ಪೈಸೆ ಇಟ್ಕೊಳ್ಳುದಿಲ್ಲ ಮಾರಾಯ್ರೆ," ಎಂದರು. "ನಮ್ಮಲ್ಲಿ ಹಾಗೆ ಉಂಟಾ?"

ನಾನು ಫೆಬ್ರವರಿಯ ವಿಷಯ ತೆಗೆದೆ. ಮೂರು ಪಾಳಿ, ಬುಟ್ಟಿ, ಮುಯ್ಯಿ. ಅವರು ತಲೆಯಾಡಿಸುತ್ತ ಪೂರ್ತಿ ಕೇಳಿದರು. ಮೋಕ್ಷಿತಾ ದೇವರಂಥ ಹುಡುಗಿ, ಅಷ್ಟು ದೂರದ ದೇಶದಲ್ಲಿ ಯಾರು ಯಾರಿಗೆ ಹಾಗೆ ಸಹಾಯ ಮಾಡುತ್ತಾರೆ, ನಮ್ಮ ಮನೆಯಲ್ಲಿ ದಿನಾ ಅವಳ ಸುದ್ದಿಯೇ ಎಂದರು. ಸಹಾಯ ಎಂಬ ಪದವನ್ನು ನಾಲ್ಕು ಸಲ ಬಳಸಿದರು. ಪ್ರತಿ ಸಲವೂ ಸಾಲ ಸ್ವಲ್ಪ ಸ್ವಲ್ಪ ಕರಗಿತು. ಅವರು ಮೋಸಗಾರರಲ್ಲ ಎಂದು ಖಚಿತವಾಗಿ ಹೇಳಬಲ್ಲೆ. ಅವರ ಮನೆಯಲ್ಲಿ ಸಹಾಯ ಎಂದರೆ ಮುಗಿದ ಕೆಲಸ, ನಮ್ಮಲ್ಲಿ ಅದು ಶುರುವಾದ ಕೆಲಸ. ಇದನ್ನು ಚೇತನಾಳಿಗೆ ಯಾರೂ ಹೇಳಿರಲಿಲ್ಲ, ಮೋಕ್ಷಿತಾ ಕೇಳಿರಲಿಲ್ಲ.

ಕೊನೆಗೆ ಹಣದ ಮಾತನ್ನೇ ನೇರವಾಗಿ ಆಡಿದೆ. ಆಗ ದನಿ ತಗ್ಗಿಸಿದರು.

"ಸುಧೀರರೇ, ನಿಮ್ಮ ಸೊಸೆ ನಮ್ಮ ಮಗಳ ಹೆಸರಲ್ಲಿ ಹೋದದ್ದು ಅಂತ ನೀವು ಎಲ್ಲಿಯೂ ಹೇಳ್ಬೇಡಿ. ನಾನೂ ಹೇಳುದಿಲ್ಲ. ಇಬ್ಬರಿಗೂ ಒಳ್ಳೆದಲ್ಲ. ಆ ಮೂರು ದಿನ ನಡೆದೇ ಇಲ್ಲ ಅಂತ ಇಟ್ಕೊಳ್ಳುವ."

ಹೊರಡುವಾಗ ಒಂದು ಎಮರ್ಜೆನ್ಸಿ ಲೈಟ್ ಕೈಯಲ್ಲಿಟ್ಟರು. ಅಕ್ಕನ ಕೋಣೆಗೆ ಬೇಕಾಗುತ್ತದೆ, ಕರೆಂಟು ಹೋದರೆ ನಾಲ್ಕು ಗಂಟೆ ಉರಿಯುತ್ತದೆ ಎಂದರು. ಬೇಡ ಎನ್ನಬೇಕಿತ್ತು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಮೂರು ಪಾಳಿಗೆ ನಾಲ್ಕು ಗಂಟೆ ಬೆಳಕು, ಒಂದು ವರ್ಷ ಗ್ಯಾರಂಟಿ.

ಜುಲೈ ೧೯, ಶನಿವಾರ

ನಿರಾಕರಣೆ ಬಂತು. ಹದಿನಾಲ್ಕು ದಿನ ಮುಗಿದ ಮರುದಿನವೇ. "ಈ ತೀರ್ಮಾನದಿಂದ ನಿಮಗೆ ನಿರಾಶೆಯಾಗಬಹುದು ಎಂಬುದು ನಮಗೆ ಅರ್ಥವಾಗುತ್ತದೆ" ಎಂದಿದ್ದಾರೆ. ಮುಂದಿನ ಆರು ತಿಂಗಳು ಹದಿನಾರು ಗಂಟೆ ದುಡಿದರೆ ಆಗ ಮತ್ತೆ ಅರ್ಜಿ ಹಾಕಬಹುದು. ಜೂನಿನಿಂದ ಎಣಿಸಿದರೆ ನವೆಂಬರ್ ಕೊನೆ.

ಅಕ್ಕನಿಗೆ ಹೇಳಿದೆ. ಅಮ್ಮಣ್ಣಿಯನ್ನು ಕಳಿಸು ಎಂದಳು. ಮತ್ತೆ ಯಾರು ಎಂದು ನಾನು ಕೇಳಲಿಲ್ಲ. ಇಬ್ಬರೂ ಫ್ಯಾನು ನೋಡಿದೆವು.

ಜುಲೈ ೨೨, ಮಂಗಳವಾರ

ಕೊರಗ ಮತ್ತೆ ಬಂದ. ಇಂಗ್ಲಿಷರ ವಾಕ್ಯ ತಲೆಯಲ್ಲೇ ಇತ್ತು. ಸೌಜನ್ಯಕ್ಕೆ ಖರ್ಚಿಲ್ಲವಲ್ಲ ಎಂದು ಪ್ರಯೋಗಿಸಿದೆ. ನಿಮಗೆ ಬೇಜಾರಾಗಿದೆ ಎಂಬುದು ಸಂಘಕ್ಕೆ ಅರ್ಥವಾಗುತ್ತದೆ ಎಂದೆ.

ಅವನು ನನ್ನ ಮುಖ ನೋಡಿದ.

"ಅರ್ಥ ಆಯ್ತಲೆ," ಎಂದ. "ಮತ್ತೆ ದುಡ್ಡ್ ಯಾವತ್ತಿಗೆ?"

ಎದ್ದು ಕಪಾಟು ತೆಗೆದೆ. ಮಾರ್ಚ್ ಪುಸ್ತಕ ಮೇಲೆಯೇ ಇತ್ತು, ಹುಡುಕಲು ಒಂದು ನಿಮಿಷವೂ ಹಿಡಿಯಲಿಲ್ಲ. ಧೂಳು ಬಹಳ. ಕಪಾಟನ್ನು ವರ್ಷಕ್ಕೊಮ್ಮೆಯಾದರೂ ಒರೆಸಬೇಕು.

ಜುಲೈ ೩೧, ಗುರುವಾರ

ಅಮ್ಮಣ್ಣಿ ಹೋದಳು. ಮಣಿಪಾಲದ ಕಡೆ ಯಾರೋ ನಿವೃತ್ತ ಇಂಜಿನಿಯರರ ಮನೆಯಂತೆ. ಹೊರಡುವ ಮೊದಲು ನನ್ನನ್ನು ಒಳಗೆ ಕರೆದು, ಬೇಕೋ ಬೇಡವೋ ಕೇಳದೆ, ತೋರಿಸಿಕೊಟ್ಟಳು.

"ಹ್ವಾಯ್ ಸುಧೀರಣ್ಣ, ಸೊಂಟಕ್ಕೆ ಕೈ ಹಾಕುಕಾಗ. ಅಡಿಗ್ ಹಾಸಿದ್ ಬಟ್ಟಿ ಎಳೀಕ್, ಜನ ತನ್ನಷ್ಟಕ್ಕೇ ಬತ್ತ್ರ್. ಎರಡ್ ಕಾಲಿನ್ ಮಧ್ಯ ದಿಂಬ್. ಬೆನ್ನ್ ದಿನಾ ಕಾಣ್ಕ್. ಕೆಂಪಾರೆ ತಡ ಮಾಡ್ಬೇಡಿ."

ನಾನು ಸಂಘದ ಡೈರಿಯಲ್ಲಿ ಬರೆದುಕೊಂಡೆ. ಅಕ್ಕ ನಕ್ಕಳು. ಇವನು ರಸೀದಿ ಕೇಳದಿದ್ದರೆ ಸಾಕು ಎಂದಳು.

ಸಂಜೆ ಪಕ್ಕದ ಮನೆಯ ಚಂದ್ರಮತಿ ಬಂದಳು. ಅಕ್ಕನ ಜೊತೆ ಮೀನು ಮಾರುವವಳು. ನಾಳೆಯಿಂದ ಬೆಳಗಿನ ಸ್ನಾನ ತನ್ನದು ಎಂದಳು. ಅವಳ ಎರಡನೆಯ ಬಾಣಂತನದಲ್ಲಿ ಅಕ್ಕ ಅವಳ ಹನ್ನೊಂದು ಬುಟ್ಟಿ ಮಾರಿದ್ದಳಂತೆ. ಆ ಮಗುವಿಗೆ ಈಗ ಮದುವೆಯಾಗಿದೆ.

ಆಗಸ್ಟ್ ೧೧, ಸೋಮವಾರ

ಹನ್ನೊಂದು ಬೆಳಗು ಮುಗಿಯಿತು. ನಿಷೇಧ ಮುಗಿದು ಒಂದನೇ ತಾರೀಕಿಗೆ ಬೋಟುಗಳು ಹೊರಟಿವೆ. ವರ್ಷದಲ್ಲಿ ಒಳ್ಳೆಯ ದರ ಸಿಗುವ ದಿನಗಳು ಇವು. ಬಂದರಿನಲ್ಲಿ ಬೆಳಗಿನ ಏಲಕ್ಕೆ ಇಲ್ಲದಿದ್ದರೆ ಆ ದಿನ ಇಲ್ಲ. ಚಂದ್ರಮತಿ ಹನ್ನೊಂದು ದಿನ ಕಳೆದುಕೊಂಡಳು. ಎಷ್ಟಾಯಿತೆಂದು ನಾನು ಲೆಕ್ಕ ಹಾಕಲು ಹೊರಟು ನಿಲ್ಲಿಸಿದೆ. ಅವಳು ಹಾಕಿರಲಿಲ್ಲ.

"ಹನ್ನೊಂದಾಯ್ತ್ ಜಲಜಕ್ಕ," ಎಂದಳು, ಕೈ ಒರೆಸಿಕೊಳ್ಳುತ್ತ. ಅಕ್ಕ, ಆಯ್ತ್ ಹೋಗ್ ಎಂದಳು. ಇನ್ನೂ ನಾಲ್ಕು ದಿನ ಬರುತ್ತೇನೆ ಎಂದು ಇವಳು ಹೇಳಲಿಲ್ಲ, ಬಾ ಎಂದು ಅವಳೂ ಹೇಳಲಿಲ್ಲ. ಹಾಗೆ ಹೇಳಿದರೆ ಅದು ಅಕ್ಕನ ಮೇಲೆ ಹೊಸ ಸಾಲ. ಮಲಗಿದವಳ ಮೇಲೆ ಸಾಲ ಹೊರಿಸುವ ಕ್ರಮವಿಲ್ಲ.

ಆಗಸ್ಟ್ ೧೨, ಮಂಗಳವಾರ

ಮಾಡಿದೆ. ಬರೆಯುವುದಕ್ಕೆ ಏನಿಲ್ಲ.

ಆಗಸ್ಟ್ ೧೪, ಗುರುವಾರ

ಸಂಘಕ್ಕೆ ತಡವಾಗುತ್ತಿದೆ. ನೀರು ಕಾಯಲು ಇಪ್ಪತ್ತು ನಿಮಿಷ, ಹಾಸು ಬಟ್ಟೆ ಬದಲಿಸಲು ಹತ್ತು, ಗಂಜಿ, ಮಾತ್ರೆ, ಮತ್ತೆ ಬಟ್ಟೆ ಒಗೆಯುವುದು. ಮಧ್ಯಾಹ್ನ ಒಮ್ಮೆ ಮನೆಗೆ ಬಂದು ಹೊರಳಿಸಿ ಹೋಗುತ್ತೇನೆ. ಎಡ ಭುಜದ ಕೆಳಗೆ ಕೆಂಪು ಕಂಡಿತು, ಪೌಡರ್ ಹಾಕಿ ಆ ಕಡೆ ಮಲಗಿಸುವುದು ಬಿಟ್ಟೆ. ಸಂಜೆಗೆ ತಿಳಿಯಾಗಿತ್ತು. ಅಧ್ಯಕ್ಷರು ತಡದ ಬಗ್ಗೆ ಕೇಳಿದರು. ಬಸ್ಸು ಸಿಗಲಿಲ್ಲ ಎಂದೆ. ನಾನು ನಡೆದು ಹೋಗುವವನು.

ಮೀಯಿಸುವಾಗ ಅಕ್ಕ ಬೈಯುತ್ತಾಳೆ. "ಬಂಗುಡಿ ಮೀನ್ ತೊಳ್ದಾಂಗ್ ತೊಳೀಬೇಡ ಮಾರಾಯ, ಮೆಲ್ಲ." ಬೈದರೆ ಸುಲಭ. ಸುಮ್ಮನಿದ್ದರೆ ಕೈ ಎಲ್ಲಿದೆ ಎಂದು ಇಬ್ಬರಿಗೂ ಗೊತ್ತಾಗುತ್ತದೆ.

ಆಗಸ್ಟ್ ೧೭, ಭಾನುವಾರ

ಮೋಕ್ಷಿತಾಳ ಫೋನು. ಹೊಸ ಲೆಕ್ಕ ಸರಿಯಾಗಿ ನಡೆದಿದೆ, ವಾರಕ್ಕೆ ಹದಿನಾರು, ಒಂದು ಗಂಟೆ ಆಚೀಚೆ ಇಲ್ಲ. ಅವಳ ಜೊತೆ ಕೆಲಸ ಮಾಡುವ ಕೇರಳದ ಹುಡುಗಿಗೆ ಜ್ವರ ಬಂದಿತ್ತಂತೆ. ಇವಳು ಹೋಗಲಿಲ್ಲವಂತೆ. ಅದನ್ನು ಹೇಳುವಾಗ ಅವಳ ದನಿ ಆ ಅರ್ಜಿಯ ಪುಟಗಳ ಹಾಗೆ ಸೌಮ್ಯವಾಗಿತ್ತು. ಒಳ್ಳೆಯದು ಮಾಡಿದೆ ಎಂದೆ. ಒಳ್ಳೆಯದು ಹೌದೋ ಎಂದು ಇಡೀ ಮಧ್ಯಾಹ್ನ ಯೋಚಿಸಿದೆ.

ಆಮೇಲೆ ಕೇಳಿದಳು, "ಅಮ್ಮನ್ನ ಈಗ ಯಾರ್ ಮೀಸೂದ್?"

ಜನ ಇದ್ದಾರೆ ಎಂದೆ. ದುಡ್ಡು ಎಲ್ಲಿಂದ ಎಂದಳು. ಹೇಗೋ ನಡೆಯುತ್ತದೆ ಎಂದೆ. ಹೇಳಿದರೆ ಅಲ್ಲಿ ಅವಳಿಗೆ ಕೆಲಸದಲ್ಲಿ ಕೈ ಓಡುವುದಿಲ್ಲ. ಅಕ್ಕ ಮಲಗಿದಲ್ಲಿಂದಲೇ ಕೇಳಿಸಿಕೊಂಡಳು.

ಇವತ್ತು ರಜೆ, ಆತುರ ಇರಲಿಲ್ಲ. ಬೆನ್ನು, ಕೈ, ಪಾದ, ಇವೆಲ್ಲ ಈಗ ಸಲೀಸು. ಉಳಿದದ್ದಕ್ಕೆ ಬಂದಾಗ ಅಕ್ಕ ಎಂದಿನಂತೆ ಕಣ್ಣು ಮುಚ್ಚಿಕೊಂಡಳು. ನಾನೂ ಮುಚ್ಚಿದೆ. ಐದು ದಿನದಿಂದ ಹಾಗೆಯೇ ನಡೆಸಿದ್ದೇನೆ, ಅಂದಾಜಿನ ಮೇಲೆ. ಚೊಂಬು ಮಂಚಕ್ಕೆ ತಾಗಿ ನೀರೆಲ್ಲ ಹಾಸಿಗೆಗೆ ಬಿತ್ತು.

"ಇಬ್ರೂ ಮುಚ್ಕಂಡ್ರೆ ಆತ್ತಾ?" ಎಂದಳು. ನಗುತ್ತಿದ್ದಾಳೆ ಎಂದುಕೊಂಡೆ. ಕಣ್ಣು ಬಿಟ್ಟು ನೋಡಿದರೆ ನಗುತ್ತಿರಲಿಲ್ಲ.

ಹಾಸು ಬದಲಿಸಿದೆ. ಒದ್ದೆ ಬಟ್ಟೆ ಹಿಂಡಿ ಹಾಕಿದೆ. ಫೋನು ತೆಗೆದು ಮೋಕ್ಷಿತಾಳ ಹೆಸರಿನ ಮೇಲೆ ಬೆರಳಿಟ್ಟು ಮತ್ತೆ ಕೆಳಗಿಟ್ಟೆ. ಅಲ್ಲಿ ಅದು ಅವಳ ಪಾಳಿಯ ಹೊತ್ತು. ಸಂಬಳದ ಚೀಟಿಯಲ್ಲಿ ಗಂಟೆ ಇದೆ, ದರ ಇದೆ, ಕಡಿತ ಇದೆ. ನನಗೆ ಬೇಕಾದದ್ದು ಅದರಲ್ಲಿ ಇಲ್ಲ. ಆ ಕೆಲಸ ಶುರು ಮಾಡಿದ ಮೊದಲ ದಿನ ಯಾರಾದರೂ ನಿನಗೆ ಹೇಳಿಕೊಟ್ಟರೋ, ನೀನೇ ಕಂಡುಕೊಂಡೆಯೋ ಗೊತ್ತಿಲ್ಲ. ಮೋಕ್ಷಿತಾ, ಆ ಹೆಂಗಸರನ್ನು ಮಗ್ಗುಲಿಗೆ ಹೊರಳಿಸಿ ತೊಳೆಯುವಾಗ, ಅವರು ಎಚ್ಚರವಾಗಿರುವಾಗ, ನೀನು ಕಣ್ಣು ಎಲ್ಲಿ ಇಡುತ್ತೀ?